ಸದ್ದು ನಿಲ್ಲಿಸುವವನು

ಈ ಸಲ ನವಿಲು. ಅದಕ್ಕೆ ಮುಂಚೆ ಪಕ್ಕದ ತೋಟದ ಪಂಪು, ಅದಕ್ಕೂ ಮುಂಚೆ ಪೊಳ್ಳಾಚಿ ರಸ್ತೆಯಿಂದ ಒಳಕ್ಕೆ ತಿರುಗಿದ ತೆಂಗಿನಕಾಯಿ ಲಾರಿ. ಕಾರ್ತಿ ಗಿಟಾರಿನ ತಂತಿಗಳ ಮೇಲೆ ಅಂಗೈ ಒತ್ತಿ, ರೆಕಾರ್ಡಾಗುತ್ತಿದ್ದ ಹಾಡು ನಿಲ್ಲಿಸಿದ. ಕಣ್ಣು ಕೂಡ ತೆರೆಯದೆ, "ಪ್ರೇಮ್" ಅಂದ. ಅಷ್ಟೇ. ಸ್ವಲ್ಪ ನೋಡ್ತೀಯಾ ಅಂತಿಲ್ಲ, ಬೇಜಾರು ಮಾಡ್ಕೋಬೇಡ ಅಂತಿಲ್ಲ. ಮನೆಯಾಳನ್ನು ಕರೆಯುವವರಾದರೂ ತಲೆಯೆತ್ತಿ ಕರೆಯುತ್ತಾರೆ. ಪ್ರೇಮ್ ಕುಮಾರ್ ಮೂಲೆಯ ಸ್ಟೂಲಿನಿಂದ ಎದ್ದು, ನೆಲದ ತುಂಬ ಹರಡಿದ್ದ ವಯರುಗಳನ್ನು ದಾಟಿ, ಬಾಗಿಲಿಗೆ ತೂಗುಹಾಕಿದ್ದ ಕಂಬಳಿ ಸರಿಸಿ ಬಿಸಿಲಿಗೆ ಬಂದ. ನವಿಲು ಕೊಬ್ಬರಿ ಒಣಗಿಸುವ ಕಣದ ಮೋಟುಗೋಡೆಯ ಮೇಲೆ ನಿಂತಿತ್ತು. ಇದೆಲ್ಲ ನಮ್ಮಪ್ಪನ ಆಸ್ತಿ ಅನ್ನುವ ಹಾಗೆ ಇನ್ನೊಮ್ಮೆ ಕೂಗಿತು. ಅಲ್ಲ ಕಣೋ, ಇದು ನನ್ನಪ್ಪನ ಆಸ್ತಿ. ತೋಟ ನನ್ನದು, ಶೆಡ್ಡು ನನ್ನದು, ಒಳಗೆ ಉರಿಯುತ್ತಿರುವ ಕರೆಂಟು ನನ್ನದು, ಬೆಳಿಗ್ಗೆ ಅವರೆಲ್ಲ ಚಪ್ಪರಿಸಿ ತಿಂದ ಇಡ್ಲಿ ನಮ್ಮಮ್ಮ ಬೇಯಿಸಿದ್ದು. ಹಾಡೊಂದು ಮಾತ್ರ ನನ್ನದಲ್ಲ. ಕಲ್ಲು ಹೆಕ್ಕಿ ಬೀಸಿದ. ಗುರಿ ತಪ್ಪಿತು. ನವಿಲು ತನ್ನಷ್ಟಕ್ಕೆ ತಾನು ಇಳಿದು, ಬಾಲ ಎಳೆದುಕೊಂಡು, ತೆಂಗಿನ ಸಾಲಿನೊಳಗೆ ಹೋಯಿತು. ಮೂವತ್ತು ವರ್ಷ ಸದ್ದು ಮಾಡುವುದನ್ನೇ ಬದುಕು ಮಾಡಿಕೊಂಡವನು ಇವತ್ತು ಸದ್ದು ನಿಲ್ಲಿಸುತ್ತ ಓಡಾಡುತ್ತಿದ್ದಾನೆ. ಎಲ್ಲಿಗೆ ಬಂತಪ್ಪ ಬಾಳು! ಒಳಗೆ ಹೋಗಿ ಹೆಬ್ಬೆರಳು ಎತ್ತಿ ತೋರಿಸಿ ಮತ್ತೆ ಸ್ಟೂಲಿನ ಮೇಲೆ ಕೂತ.

ಸ್ಪಿಂಡಲ್ಸ್ ಅಂದರೆ ಒಂದು ಕಾಲಕ್ಕೆ ಕೊಯಮತ್ತೂರಿನ ಕಾಲೇಜು ಹುಡುಗರು ಗೇಟು ಹಾರಿ ಬರುತ್ತಿದ್ದ ಬ್ಯಾಂಡು. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ನಾಲ್ಕು ಜನ ಸೇರಿ ಕಟ್ಟಿದ್ದು. 'ಸೆಕೆಂಡ್ ಶಿಫ್ಟ್' ಅವರ ಹೆಸರು ಮಾಡಿದ ಹಾಡು. ಮಿಲ್ಲಿನ ಎರಡನೇ ಪಾಳಿ ಮುಗಿಸಿ ಸೈಕಲ್ ತುಳಿದುಕೊಂಡು ಮನೆಗೆ ಹೋಗುವವನ ಹಾಡು. ಮಾತು ಇಂಗ್ಲಿಷಿನದು, ಕಾರ್ತಿ ಬರೆದದ್ದು. ಆದರೆ ಹಾಡು ಶುರುವಾಗುತ್ತಿದ್ದದ್ದು ಮಾತಿನಿಂದಲ್ಲ. ಮೊದಲು ಪ್ರೇಮ್‌ನ ಕಾಲು ದೊಡ್ಡ ಡ್ರಮ್ಮನ್ನು ಒದೆಯುತ್ತಿತ್ತು, ಆಮೇಲೆ ಕೈಗಳು ಬರುತ್ತಿದ್ದವು, ಮಿಲ್ಲಿನ ಯಂತ್ರಗಳು ಒಂದೊಂದಾಗಿ ಎದ್ದ ಹಾಗೆ. ಕಾರ್ತಿ ಬಾಯಿ ತೆರೆಯುವ ಹೊತ್ತಿಗೆ ಹುಡುಗರು 'ಪ್ರೇಮ್, ಪ್ರೇಮ್' ಅಂತ ಕಿರುಚಿ ಆಗಿರುತ್ತಿತ್ತು. ಅದು ಕಾರ್ತಿಗೆ ಹಿಡಿಸುತ್ತಿರಲಿಲ್ಲ. ಆಗ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಈಗ ಅವನ ಹತ್ತಿರ ಬೇರೆ ಪದವಿದೆ, ಅಕೂಸ್ಟಿಕ್. ವಯಸ್ಸಾಯಿತು, ಕೂದಲು ನರೆಯಿತು, ಹಳೆ ಹಾಡುಗಳನ್ನೆಲ್ಲ ಮೆಲ್ಲಗೆ, ಬರೀ ಮರದ ಗಿಟಾರಿನಲ್ಲಿ ಹಾಡಿ ಒಂದು ಆಲ್ಬಮ್ ಮಾಡೋಣ ಅಂದ. ಅದನ್ನು ಹೊರಗೆ ತರುತ್ತಿರುವ ಇಂದುಜಾ ಎಂಬ ಹುಡುಗಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಒಬ್ಬೊಬ್ಬರ ಊರಿನಲ್ಲಿ ಒಂದೊಂದು ಹಾಡು. ಬೇಸ್ ಗಿಟಾರಿನವನದ್ದು ಹೋದ ವಾರ ತಿರುಪ್ಪೂರಿನಲ್ಲಿ, ಅವನ ಬನಿಯನ್ ಫ್ಯಾಕ್ಟರಿಯ ಮಹಡಿಯಲ್ಲಿ ಮುಗಿದಿತ್ತು. ಪ್ರೇಮ್‌ನದ್ದು, ಅಂದರೆ 'ಸೆಕೆಂಡ್ ಶಿಫ್ಟ್', ಕಿಣತ್ತುಕಡವಿನ ಆಚೆ ಅವನ ಕೊಬ್ಬರಿ ಶೆಡ್ಡಿನಲ್ಲಿ. ಶೆಡ್ಡು ನೋಡಿ ಕಾರ್ತಿ ಚಪ್ಪಾಳೆ ತಟ್ಟಿ ಕಿವಿಗೊಟ್ಟ. ದಪ್ಪ ಮಣ್ಣುಗೋಡೆ, ನಾಡಹೆಂಚು. "ಎಂಥ ರೂಮ್ ಇದು, ಡೇ! ಇಲ್ಲಿ ಡ್ರಮ್ಸ್ ಇಟ್ರೆ ರೂಮನ್ನೇ ತಿಂದ್ಹಾಕುತ್ತೆ" ಅಂದ ತಮಿಳಿನಲ್ಲಿ. ಇಂದುಜಾ ತಲೆಯಾಡಿಸಿದಳು. ಡ್ರಮ್ ಬಾರಿಸುವವನ ಊರಿಗೆ ಬಂದು, ಅವನ ಶೆಡ್ಡಿನಲ್ಲಿ ಕೂತು, ಡ್ರಮ್ಮಿಲ್ಲದ ಹಾಡು ಮಾಡುವುದು. ಇದಕ್ಕೆ ಏನನ್ನಬೇಕು?

ಮೊಟ್ಟೆ ಕೊಟ್ಟಿದ್ದರು. ಹೌದು, ಮೊಟ್ಟೆ. ಕೋಳಿಮೊಟ್ಟೆಯಷ್ಟೇ ದೊಡ್ಡ ಹಳದಿ ಪ್ಲಾಸ್ಟಿಕ್ಕಿನದು, ಒಳಗೆ ಕಾಳು ತುಂಬಿದ್ದು. ಅಲ್ಲಾಡಿಸಿದರೆ ಸಿಕ್ ಸಿಕ್ ಅನ್ನುತ್ತದೆ. ಐವತ್ತು ದಾಟಿದ ಗಂಡಸಿನ ಕೈಗೆ ಮಕ್ಕಳ ಗಿಲಕಿ. ಅದನ್ನೂ ಅವನು ಬಾಯಿ ಮುಚ್ಚಿಕೊಂಡು ಅಲ್ಲಾಡಿಸಿದ, ಎರಡು ಸಲ ಹಾಡು ಮುಗಿಯುವವರೆಗೆ. ಆಮೇಲೆ ಕಾರ್ತಿ ಹೆಡ್‌ಫೋನ್ ತೆಗೆದು, ಮೊಟ್ಟೆ ನನ್ನ ಮೈಕಿನೊಳಗೆ ಬರ್ತಿದೆ, ಸದ್ಯಕ್ಕೆ ಬೇಡ ಅಂದ. ಸದ್ಯಕ್ಕೆ! ಪ್ರೇಮ್ ಕೇಳಿದ, ನಾಚಿಕೆ ಬಿಟ್ಟು ಕೇಳಿದ. ಕೊನೆಯ ಚರಣಕ್ಕೆ ಬರಿಗೈಯಲ್ಲಿ ಈ ಮರದ ಪೆಟ್ಟಿಗೆ ತಟ್ತೀನಿ, ಮೆಲ್ಲಗೆ, ನಿನ್ನ ದನಿಯ ಕೆಳಗೇ ಇರುತ್ತೆ, ಅಷ್ಟು ಕೊಡು ಸಾಕು. ಕಾರ್ತಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ನೋಡೋಣ, ಮೊದಲು ನನ್ನದು ಸರಿಯಾಗಿ ಬರಲಿ" ಅಂದ. ಆ 'ನೋಡೋಣ'ವನ್ನು ಹಿಡಿದುಕೊಂಡು ಪ್ರೇಮ್ ಬೆಳಗಿನಿಂದ ಮೂಲೆಯಲ್ಲಿ ಕೂತಿದ್ದ. ಒಂದು ಚರಣ. ತನ್ನ ಜೀವಮಾನದ ಹಾಡಿನಲ್ಲಿ ತನ್ನ ಕೈ ಒಂದು ಚರಣದಷ್ಟಾದರೂ ಇರಬೇಕು. ಇಲ್ಲದಿದ್ದರೆ ನಾಳೆ ಈ ಆಲ್ಬಮ್ ಕೇಳುವವನಿಗೆ ಪ್ರೇಮ್ ಕುಮಾರ್ ಎಂಬವನೊಬ್ಬ ಇದ್ದನೆಂದು ಯಾವ ನಾಯಿ ಹೇಳುತ್ತದೆ?

ಜೇಬಿನಲ್ಲಿ ಫೋನು ನಡುಗಿತು. ಮತ್ತೆ ಅಮ್ಮ. ಕಾರ್ತಿ ನೀರು ಕುಡಿಯುತ್ತಿದ್ದ. ಪ್ರೇಮ್ ಗೋಡೆಗೆ ತಿರುಗಿ ಫೋನು ಕಿವಿಗಿಟ್ಟ. "ಎಲ್ಲಿದ್ದಿ ಸಾಮಿ? ಸೀಲೆ ಬಂತು. ನೆಗಮತ್ತಿಂದ ತರ್ಸಿ ವಚ್ಚಿದ್ದೀನಿ. ಪೊರಂದ ಮನೆ ಕೋಡಿ ಬರ್ದೇ ಪೊಣ ಎತ್ತಕ್ಕಾಗದು. ಎಲ್ಲಾ ನಿನ್ನೇ ಕೇಳ್ತಾವರೆ." ಅವನು ಪಿಸುದನಿಯಲ್ಲಿ, "ಬತ್ತೀನಮ್ಮಾ, ಜೋಲಿ ಆಯ್ತಾ ಇದೆ, ಇನ್ನೊಂಚೂರು ಕೆಲ್ಸ" ಅಂದ. ಬೆಳಿಗ್ಗೆ ಇವರೆಲ್ಲ ಇಡ್ಲಿ ತಿಂದೆದ್ದ ಮೇಲೆ ರಾಮಾತಾಳ್ ತೀರಿಕೊಂಡಿದ್ದಳು. ಅಪ್ಪನ ಅಕ್ಕ, ಕಾಲುವೆಯ ಆಚೆಯ ತೋಟಕ್ಕೆ ಕೊಟ್ಟ ಅತ್ತೆ. ಇವರ ಪೈಕಿ ಹೆಣ್ಣು ಸತ್ತರೆ ಹುಟ್ಟಿದ ಮನೆಯ ಗಂಡಸು ಹೊಸ ಸೀರೆ ತಂದು ಹೊದಿಸಬೇಕು. ಅದೇ ಕೋಡಿ. ಅದು ಬರುವ ತನಕ ಹೆಣ ಅಂಗಳದಲ್ಲೇ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ರಾಮಾತಾಳ್ ಹುಟ್ಟಿದ ಮನೆಯ ಗಂಡಸು ಅಂತ ಈಗ ಭೂಮಿಯ ಮೇಲೆ ಉಳಿದವನು ಇವನೊಬ್ಬನೇ. ಫೋನಿಟ್ಟು ತಿರುಗಿದಾಗ ರೆಕಾರ್ಡಿಂಗ್ ಮಾಡಲು ಬಂದಿದ್ದ ಮಹೇಶ ಇವನನ್ನೇ ನೋಡುತ್ತಿದ್ದ. ಹಾಸನದ ಕಡೆಯವನು, ಕೊಯಮತ್ತೂರಿಗೆ ಬಂದು ವರ್ಷವಾಗಿರಲಿಲ್ಲ. ಆ ಶೆಡ್ಡಿನಲ್ಲಿ ಇವರ ಮನೆಯ ಈ ತಮಿಳು ಬೆರೆತ ಕನ್ನಡ ತಿಳಿಯುವವನು ಅವನೊಬ್ಬನೇ ಅನ್ನುವುದನ್ನು ಪ್ರೇಮ್ ಮರೆತಿದ್ದ. "ಸರ್, ನಿಮ್ಮ ಮನೇಲಿ ಯಾರೋ..." ಅಂತ ಮಹೇಶ ಶುರುಮಾಡಿದ. ಪ್ರೇಮ್ ಹಲ್ಲು ಕಚ್ಚಿ, "ಅವ್ರ ಕಿಟ್ಟೆ ಸೊಲ್ಬೇಡ. ಹೇಳ್ಬೇಡ ಪಾ. ನಿನ್ ಜೋಲಿ ನೋಡು" ಅಂದ. ಹುಡುಗ ತಲೆ ತಗ್ಗಿಸಿ ಲ್ಯಾಪ್‌ಟಾಪಿಗೆ ತಿರುಗಿಕೊಂಡ.

ಹೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು, ಪಾಠ ಒಪ್ಪಿಸುವಷ್ಟು ಚೆನ್ನಾಗಿ ಗೊತ್ತಿತ್ತು. ಕಾರ್ತಿ ಎದ್ದು ಬಂದು ಭುಜದ ಮೇಲೆ ಕೈ ಹಾಕುತ್ತಾನೆ. ಇಂದುಜಾ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ. ಅಯ್ಯೋ ಹೋಗು ಪ್ರೇಮ್, ಮೊದಲು ಹೋಗು, ಇಲ್ಲಿ ನಾವು ನೋಡ್ಕೋತೀವಿ. ನಾವು ನೋಡ್ಕೋತೀವಿ! ಅವರ ಮುಖದಲ್ಲಿ ದುಃಖದ ಕೆಳಗೆ ಒಂದು ಎಳೆ ಸಮಾಧಾನವೂ ಇರುತ್ತದೆ. ಮೂಲೆಯ ಸ್ಟೂಲು ಖಾಲಿಯಾಯಿತಲ್ಲ ಅಂತ. ಹಾಡು ಅವನಿಲ್ಲದೆ ಮುಗಿಯುತ್ತದೆ, ಅದಕ್ಕೊಂದು ಒಳ್ಳೆಯ ಕಾರಣವೂ ಸಿಕ್ಕುತ್ತದೆ, ಪಾಪ ಅವನ ಮನೆಯಲ್ಲಿ ಸಾವಾಗಿತ್ತು. ಸಾಧ್ಯವಿಲ್ಲ. ಆ ಮುದುಕಿಯ ಸಾವನ್ನು ಇವರ ಅನುಕೂಲಕ್ಕೆ ಕೊಡುವುದಿಲ್ಲ. ಹೀಗೆ ಅಂದುಕೊಂಡಾಗ ಅವನಿಗೆ ತಾನು ಅತ್ತೆಯ ಪರವಾಗಿ ಸಿಟ್ಟಾದ ಹಾಗೆ ಅನಿಸಿತು. ಮರುಕ್ಷಣ ಆ ಸುಳ್ಳಿಗೇ ಮೈ ಉರಿಯಿತು. ಕಾಲುವೆ ದಾಟಿದರೆ ಅತ್ತೆ ಅಂಗಳದಲ್ಲಿ ಮಲಗಿದ್ದಾಳೆ, ಗಲ್ಲಕ್ಕೆ ಬಟ್ಟೆ ಕಟ್ಟಿರುತ್ತಾರೆ, ಹಣೆಗೆ ಕಾಸು ಅಂಟಿಸಿರುತ್ತಾರೆ. ಅವನು ಇಲ್ಲಿ ಒಂದು ಚರಣಕ್ಕೆ ಕಾಯುತ್ತಿದ್ದಾನೆ.

ಡ್ರಮ್ ಅಂದರೆ ಅಪ್ಪನಿಗೆ ಅಸಹ್ಯ. ನಮ್ಮ ಜನ ಬಾರಿಸೋದಿಲ್ಲ, ಬಾರಿಸೋರು ಬೇರೆ ಇದ್ದಾರೆ, ಸಾವಿಗೆ ಕರೀತೀವಿ, ಬಂದು ಬಾರಿಸಿ ಹೋಗ್ತಾರೆ ಅನ್ನುತ್ತಿದ್ದ. ಆ ಮಾತಿನಲ್ಲಿದ್ದ ಸೊಕ್ಕು ಹುಡುಗನಿಗೆ ಅರ್ಥವಾಗಿರಲಿಲ್ಲ, ಬೆನ್ನ ಮೇಲೆ ಬಿದ್ದ ಬೆಲ್ಟು ಮಾತ್ರ ಅರ್ಥವಾಗಿತ್ತು. ಕಾಲುವೆ ದಾಟಿ ಓಡಿದರೆ ರಾಮಾತಾಳ್ ಇದ್ದಳು. ಎಣ್ಣೆ ತುಂಬುವ ಖಾಲಿ ತಗಡಿನ ಡಬ್ಬಗಳನ್ನು ಹಿತ್ತಿಲಿನಲ್ಲಿ ಸಾಲಾಗಿ ಬೋರಲು ಹಾಕಿ, "ಹೊಡಿ ಸಾಮಿ, ಕೈ ನೋವಾಗೋ ಮಟ್ಟ ಹೊಡಿ. ನಿಮ್ಮಪ್ಪ ಬಂದ್ರೆ ನಾನ್ ಪಾತ್ಕೋತೀನಿ" ಅಂದಿದ್ದಳು. ಅಕ್ಕಪಕ್ಕದವರು ಬೈದಾಗ ಸೊಂಟಕ್ಕೆ ಕೈಯಿಟ್ಟು ಅವರ ವಂಶವನ್ನೆಲ್ಲ ಜಾಲಾಡಿದ್ದಳು. ಹಾಡಿನ ಮೊದಲ ಬಡಿತ ಹುಟ್ಟಿದ್ದು ಮಿಲ್ಲಿನಲ್ಲಲ್ಲ, ಆ ಡಬ್ಬಗಳ ಮೇಲೆ. ಇದನ್ನು ಕಾರ್ತಿಗೆ ಒಮ್ಮೆ ಹೇಳಿದ್ದ. ಕಾರ್ತಿ ನಕ್ಕು, ಮಿಲ್ ಅಂತ್ಲೇ ಇರಲಿ, ಕೇಳಕ್ಕೆ ಚೆನ್ನಾಗಿರುತ್ತೆ ಅಂದಿದ್ದ. ಈಗ ಗಿಟಾರು ಮತ್ತೆ ಶುರುವಾಯಿತು. ಚೆನ್ನಾಗಿಯೇ ಬಾರಿಸುತ್ತಿದ್ದ ದರಿದ್ರದವನು. ಅದೇ ಇನ್ನೂ ಸಂಕಟ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ, ಕಾಲುವೆಯ ಕಡೆಯಿಂದ ಹೆಂಗಸರ ಅಳು ಗಾಳಿಯ ಜೊತೆ ಬಂದು ಹೆಂಚಿನ ಸಂದಿಯಿಂದ ಒಳಗಿಳಿಯಿತು.

ಮಹೇಶ ಕೈಯೆತ್ತಿದ. ಕಾರ್ತಿ ಈ ಸಲ ಕಣ್ಣು ತೆರೆದ. "ಏನದು?"

"ಆಚೆ ತೋಟ. ಸಾವಾಗಿದೆ" ಅಂದ ಪ್ರೇಮ್.

"ಯಾರು?"

"ಯಾರೋ ಮುದುಕಿ."

ಮಾತು ಬಾಯಿಂದ ಬಿದ್ದೇಬಿಟ್ಟಿತು. ಮಹೇಶ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ, ಅವನ ಕಿವಿ ಕೆಂಪಾದದ್ದು ಮಾತ್ರ ಕಾಣಿಸಿತು. ಇಂದುಜಾ ಗಡಿಯಾರ ನೋಡಿ, ಈ ಮೈಕುಗಳನ್ನೆಲ್ಲ ಸಂಜೆಗೆ ವಾಪಸು ಕೊಡಬೇಕು ಅಂತ ಯಾರಿಗೂ ಅಲ್ಲದ ಹಾಗೆ ಹೇಳಿ, ಆಮೇಲೆ ಬಹಳ ಮೃದುವಾಗಿ, "ಪ್ರೇಮ್ ಸರ್, ನಿಮಗೆ ಪರಿಚಯದವರೇ ಅಲ್ವಾ? ಒಂದು ಹಾಡಿನಷ್ಟು ಹೊತ್ತು ಸುಮ್ಮನಿರಕ್ಕೆ ಆಗುತ್ತಾ ಕೇಳ್ತೀರಾ? ನಾವೇ ಬೇಕಾದ್ರೆ ಒಂದು ಹಾರ ಕಳಿಸೋಣ" ಅಂದಳು. ಹೆಣ್ಣು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಎಷ್ಟೋ ವಾಸಿಯಿತ್ತು, ಕೆನ್ನೆಗೆ ಎರಡು ಬಿಗಿಯುವ ಹಾಗೆ ಬೈದು ಹಗುರಾಗಬಹುದಿತ್ತು. ಪ್ರೇಮ್ ಕಾರ್ತಿಯನ್ನು ನೋಡಿದ. ಕಾರ್ತಿ, "ಅವರು ನಿಲ್ಲಿಸಿದ್ರೆ ಇದನ್ನ ಮುಗಿಸಿ ನಿನ್ನ ಪೆಟ್ಟಿಗೆ ನೋಡೋಣ" ಅಂದ. ಇದು ಲಂಚ. ಅತ್ತೆಯ ಸಾವಿನ ಅಳುವಿಗೆ ಒಂದು ಚರಣದ ಲಂಚ. ಗೊತ್ತಿದ್ದೂ ಅವನ ಕಾಲು ಎದ್ದು ನಡೆದವು.

ಕಾಲುವೆಯ ಮೋರಿ ದಾಟುವವರೆಗೆ ಅವನು ಕಾರ್ತಿಯನ್ನು ಬೈದ, ಮೋರಿ ದಾಟಿದ ಮೇಲೆ ತನ್ನನ್ನು. ಹೋಗಿ ಗೋವಿಂದಸಾಮಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳುವುದು. ರಾಮಾತಾಳ್‌ನ ಮಗ, ಎಷ್ಟಾದರೂ ಇವನಿಗೆ ಭಾವಮೈದುನನ ವರಸೆ, ತಿಳಿಯದವನಲ್ಲ. ಮಚ್ಚಾ, ಒಂಚೂರು ಹೊತ್ತು, ಅಷ್ಟೇ. ಇದನ್ನೇ ಉರುಹೊಡೆಯುತ್ತ ಅಂಗಳಕ್ಕೆ ಕಾಲಿಟ್ಟ. ಕಾಲಿಟ್ಟದ್ದೇ ತಡ, ಒಬ್ಬಳು ಅವನನ್ನು ನೋಡಿದಳು, "ಅಯ್ಯೋ, ಪೊರಂದ ಮನೆ ಬಂತೇ!" ಅಂತ ಎದೆ ಬಡಿದುಕೊಂಡಳು. ಅಷ್ಟೂ ಹೆಂಗಸರು ಒಟ್ಟಿಗೆ ಎದ್ದರು. ಹುಟ್ಟಿದ ಮನೆಯವನು ಬಂದಾಗ ಅಳು ಏರಲೇಬೇಕು, ಅದು ಸತ್ತವಳಿಗೆ ಸಲ್ಲಬೇಕಾದ ಮರ್ಯಾದೆ. ಹುಟ್ಟಿದಾಗಿನಿಂದ ನೋಡಿದ್ದನ್ನು ಅವನು ಮರೆತೇಬಿಟ್ಟಿದ್ದ. ಅವನ ಕೈ ಹಿಡಿದರು, ಕುತ್ತಿಗೆಗೆ ಬಿದ್ದರು, ನಿನ್ನ ಅಳಿಯ ಬಂದವ್ನೆ ಎದ್ದು ನೋಡೇ ತಾಯೀ, ತಗಡು ಬಡಿದ ಕಂದ ಬಂದವ್ನೆ ಕಣ್ಬಿಡೇ ಅಂತ ರಾಗ ಎತ್ತಿದರು. ಅಳು ಮೊದಲಿನದರ ಎರಡರಷ್ಟಾಯಿತು, ತೆಂಗಿನ ಮರಗಳ ಮೇಲಿಂದ ಹಾರಿ ಹೋಗುವಷ್ಟಾಯಿತು. ತೊಡೆಯ ಮೇಲೆ ಫೋನು ನಡುಗಿತು. ಹೆಂಗಸರ ತೋಳುಗಳ ನಡುವೆ ಹೇಗೋ ತೆಗೆದು ನೋಡಿದ. ಕಾರ್ತಿಯ ಸಂದೇಶ, 'ಏನೋ ಮಾಡ್ತಿದೀಯ ಅಲ್ಲಿ? ಇನ್ನೂ ಜೋರಾಯ್ತು!' ಪ್ರೇಮ್‌ಗೆ ನಗು ಬಂತು, ಹೊಟ್ಟೆಯೊಳಗಿಂದ ಕಿತ್ತುಕೊಂಡು ಬಂದ ಕೆಟ್ಟ ನಗು. ಅದು ಹೊರಗೆ ಬರುವಾಗ ಬಿಕ್ಕಿನ ಹಾಗೆ ಕೇಳಿಸಿತು. ಹೆಂಗಸರು, ಅಳು ಸಾಮಿ, ಅತ್ಬಿಡು ಅಂತ ಬೆನ್ನು ಸವರಿದರು.

ಅತ್ತೆಯ ಮುಖ ಚಿಕ್ಕದಾಗಿತ್ತು. ಬದುಕಿದ್ದಾಗ ಅಷ್ಟು ಬೈಗುಳ ತುಂಬಿಕೊಂಡಿದ್ದ ಬಾಯಿಯನ್ನು ಬಟ್ಟೆ ಕಟ್ಟಿ ಮುಚ್ಚಿದ್ದರು. ಅವನು ಕಾಲು ಮುಟ್ಟಿ ನಮಸ್ಕಾರ ಮಾಡಿ ಎದ್ದಾಗ ಗೋವಿಂದಸಾಮಿ ಪಕ್ಕದಲ್ಲಿ ನಿಂತಿದ್ದ. ಸುತ್ತಲೂ ಕಣ್ಣಾಡಿಸಿ, ಪ್ರೇಮ್‌ನ ಎರಡೂ ಕೈ ನೋಡಿ, "ಸೀಲೆ ಎಲ್ಲಿ ಮಾಪ್ಳೆ?" ಅಂದ.

"ತತ್ತೀನಿ ಮಚ್ಚಾ. ಅಮ್ಮ ಮನೇಲವ್ರೆ. ಈಗ ತತ್ತೀನಿ."

"ಬರಿಗೈಲಿ ಎದಕ್ಕೆ ಬಂದೆ ಅಪ್ಪುರಂ?" ಗೋವಿಂದಸಾಮಿಯ ದನಿ ಏರಲಿಲ್ಲ. "ನಿನ್ ಪಾಟುಕಾರರು ಬಂದವ್ರೆ ಅಂತ ಕೇಳ್ದೆ. ಅವ್ರ್ ಕಾರು ನೋಡ್ದೆ. ರಾಹುಕಾಲ ಬರೋಕ್ ಮುಂದೆ ಎತ್ತಬೇಕು ಪಾ. ನಮ್ಮವ್ವ ನಿನ್ಗಾಗಿ ಕಾಯ್ತಾವ್ಳೆ, ಅಷ್ಟೇ ನಾನ್ ಸೊಲ್ಲೋದು."

ಸುಮ್ಮನಿರುವಂತೆ ಕೇಳುವ ಮಾತು ಎಲ್ಲಿ ಹೋಯಿತೋ. ಅವನು ಹಿಂದಕ್ಕೆ ತಿರುಗಿ, ಓಡುತ್ತಿಲ್ಲವೆಂದು ಕಾಣುವಷ್ಟು ಜೋರಾಗಿ ನಡೆದ. ತಲೆ ಕೆಳಗೆ ಹಾಕಿಕೊಂಡು ನಡೆಯುವಾಗ ಊರಿನ ಕಣ್ಣೆಲ್ಲ ಬರಿಗೈಯ ಮೇಲೇ ಇದ್ದ ಹಾಗಿತ್ತು. ಗೋವಿಂದಸಾಮಿಗೆ ಏನು ಗೊತ್ತು? ಪಾಟುಕಾರರಂತೆ, ಹಾಡುವವರಂತೆ! ನಾನು ಕೇಳಿಕೊಂಡು ಬಂದಿದ್ದೆನೇ ಈ ದಿನವನ್ನು? ಎಲ್ಲರಿಗೂ ಅವರವರದು ಸರಿ. ಕಾರ್ತಿಗೆ ಹಾಡು ಸರಿ, ಇವರಿಗೆ ಸೀರೆ ಸರಿ, ನನಗೆ ಮಾತ್ರ ಯಾವುದೂ ಪೂರ್ತಿ ನನ್ನದಲ್ಲ.

ಅವನ ಅಮ್ಮ ಕಮಲಾತಾಳ್ ತಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ತಟ್ಟೆ, ತಟ್ಟೆಯಲ್ಲಿ ಹೂವು, ಅರಿಸಿನ, ಮಡಿಕೆ ಬಿಚ್ಚದ ಹತ್ತಿ ಸೀರೆ. ಹಸಿರು ಮೈ, ಕೆಂಪು ಅಂಚು. ಅತ್ತೆಗೆ ಹಸಿರೆಂದರೆ ಇಷ್ಟ. ಅಮ್ಮ ಬೈಯಲಿಲ್ಲ. ಬೈಯದಿದ್ದದ್ದಕ್ಕೂ ಅವನಿಗೆ ಸಿಟ್ಟು ಬಂತು. "ನೀನ್ ಮುಂದೆ ನಡಿ ಸಾಮಿ. ಮುಖ ತೊಳ್ಕೊಂಡ್ ಬತ್ತೀನಿ. ಮೋರಿ ಕಿಟ್ಟೆ ನಿಂತ್ಕೋ, ಜೊತೇಲೇ ಉಳ್ಳೆ ಅಂಗಳಕ್ಕೆ ಹೋಗಾನ. ಬಿರ್ನೆ ಹೋಗು, ಅವ್ರು ಅಳು ನಿಲ್ಸಿ ಕೂತವ್ರೆ ನೋಡು" ಅಂದಳು. ಹೌದು, ಅಳು ನಿಂತಿತ್ತು. ಕೋಡಿ ತರಲು ಹೋದವನು ಬರುವವರೆಗೆ ಹೆಂಗಸರು ಉಸಿರು ಉಳಿಸಿಕೊಳ್ಳುತ್ತಾರೆ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನು ತೋಟದ ದಾರಿಗೆ ಇಳಿದ. ದಾರಿ ಶೆಡ್ಡಿನ ಮುಂದೆಯೇ ಹಾದುಹೋಗುತ್ತದೆ.

ಕಂಬಳಿ ಸರಿಸಿ ಕಾರ್ತಿ ಹೊರಗೆ ನಿಂತಿದ್ದ. ಮುಖ ಅರಳಿತ್ತು. "ಡೇ, ಭೇಷ್! ನಿಲ್ಲಿಸಿಬಿಟ್ಟೆಯಲ್ಲ! ನನ್ನದು ಒಂದೇ ಸಲಕ್ಕೆ ಬಂತು. ಎಂಥ ಮೌನ ಅಂತೀಯ! ಬಾ ಬಾ, ನಿನ್ನ ಪೆಟ್ಟಿಗೆ ಈಗಲೇ ಮುಗಿಸಿಬಿಡೋಣ, ಆ ಜನ ಮತ್ತೆ ಶುರುಮಾಡೋದರೊಳಗೆ." ತಟ್ಟೆ ನೋಡಿ, "ಪೂಜೆನಾ?" ಅಂದ. ಪ್ರೇಮ್ ಹೂಂ ಅಂದ. ಒಂದು ಚರಣ. ಅಮ್ಮ ಮುಖ ತೊಳೆದು ಬರುವಷ್ಟು ಹೊತ್ತು. ಒಳಗೆ ಹೋದ. ತಟ್ಟೆಯನ್ನು ಎಲ್ಲಿಡುವುದೆಂದು ತಿಳಿಯದೆ ತನ್ನ ಸ್ಟೂಲಿನ ಮೇಲಿಟ್ಟ. ಮಹೇಶ ಸೀರೆಯನ್ನು ನೋಡಿದ, ಇವನ ಮುಖ ನೋಡಿದ. ಕನ್ನಡದಲ್ಲಿ, ಬೇರೆಯವರಿಗೆ ತಿಳಿಯದ ಹಾಗೆ, "ಸರ್, ಹೋಗಿ ಬನ್ನಿ. ನಾನು ಏನೋ ಕೆಟ್ಟಿದೆ ಅಂತ ಹೇಳಿ ಕಾಯಿಸ್ತೀನಿ. ನಿಜವಾಗ್ಲೂ ಕಾಯಿಸ್ತೀನಿ" ಅಂದ. ಅವನ ಆ ಒಳ್ಳೆತನ ಪ್ರೇಮ್‌ನನ್ನು ಕೆಂಡ ಮಾಡಿತು. ನಿನ್ನೆ ಮೊನ್ನೆ ಬಂದ ಪೋರ ನನಗೆ ದಾರಿ ತೋರಿಸುತ್ತಾನೆ. "ಮೈಕ್ ಹಾಕು" ಅಂದ.

ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತ. ಹೆಡ್‌ಫೋನಿನಲ್ಲಿ ಕಾರ್ತಿಯ ದನಿ ಬಂತು, ಮುದಿಯಾದ, ಒಡೆದ, ಆದರೂ ಸುಳ್ಳಿಲ್ಲದ ದನಿ. ಕೊನೆಯ ಚರಣಕ್ಕೆ ಪ್ರೇಮ್ ಬೆರಳಿನಿಂದ ಮರ ಮುಟ್ಟಿದ. ಒದೆಯಲಿಲ್ಲ, ಬಡಿಯಲಿಲ್ಲ, ಮುಟ್ಟಿದ. ಮುಗಿದಾಗ ಇಂದುಜಾ ಎದೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಕಾರ್ತಿ, "ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆಯೋ ಇದನ್ನ? ಸಾಕು, ಬಂತು" ಅಂದ. ಬಂತು. ಆಗಲೇ ಎದ್ದು ತಟ್ಟೆ ಎತ್ತಿಕೊಂಡಿದ್ದರೆ ಅಮ್ಮ ಮೋರಿಯ ಹತ್ತಿರ ಬಂದು ನಿಂತಿರುತ್ತಿದ್ದಳು, ಅಷ್ಟೇ. ಆದರೆ ಮಧ್ಯದಲ್ಲಿ ಒಂದು ಕಡೆ ಎಡಗೈ ಕೂದಲೆಳೆಯಷ್ಟು ಹಿಂದೆ ಬಿದ್ದದ್ದು ಅವನಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಾಗದು. ಅವನಿಗೆ ಗೊತ್ತಿತ್ತು. ಈ ಹಾಡಿನಲ್ಲಿ ತಾನು ಉಳಿಯುವುದೇ ಇಷ್ಟು, ಇಷ್ಟರಲ್ಲಿ ತಪ್ಪು ಇರಬಾರದು. "ಇನ್ನೊಂದ್ಸಲ" ಅಂದ. ಯಾರೂ ಕೇಳಿರಲಿಲ್ಲ. ಕಾರ್ತಿ ಬೇಡ ಅಂದರೂ ಅವನೇ ಅಂದ. ಎರಡನೆಯದು ಮೊದಲಿನದಕ್ಕಿಂತ ಚೆನ್ನಾಗಿ ಬಂತು, ಅದಕ್ಕೇ ಮೂರನೆಯದು ಬೇಕೆನಿಸಿತು. ಹೆಡ್‌ಫೋನಿನಲ್ಲಿ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಸುತ್ತಲಿನ ನಿಶ್ಶಬ್ದ ಕೇಳುತ್ತಿತ್ತು. ಅದು ಯಾರ ನಿಶ್ಶಬ್ದ? ಅಷ್ಟು ಜನ ಹೆಂಗಸರು ಅಂಗಳದಲ್ಲಿ ಗಂಟಲು ಹಿಡಿದುಕೊಂಡು ಕೂತಿರುವ ನಿಶ್ಶಬ್ದ, ಇವನು ಬರುತ್ತಾನೆಂದು. ಅದರ ಮೇಲೆ ಕೂತು ಅವನು ಬಾರಿಸುತ್ತಿದ್ದ. ಅದು ತಿಳಿದೂ ಬೆರಳು ಹಿಂದೆಂದೂ ಕೇಳದಷ್ಟು ಚೆನ್ನಾಗಿ ಮಾತು ಕೇಳುತ್ತಿದ್ದವು. ಇನ್ನೊಂದ್ಸಲ. ಫೋನನ್ನು ಅವನು ಬಾಗಿಲಾಚೆ ಇಟ್ಟು ಬಂದಿದ್ದ, ನಡುಗಿದರೆ ಮೈಕಿಗೆ ಬರುತ್ತದೆಂದು.

ಕೊನೆಯ ಸಲ ಬೆರಳು ಮರದಿಂದ ಎದ್ದಾಗ, ಮರದ ದನಿ ಇನ್ನೂ ಗಾಳಿಯಲ್ಲಿದ್ದಾಗ, ಹೊರಗೆ ಸಾವಿನ ತಮಟೆ, ಪರೆ, ಬಡಿಯಿತು. ಮೊದಲು ಒಂದು, ಆಮೇಲೆ ಎಲ್ಲ ಸೇರಿ. ಅದರ ಮೇಲೆ ಹೆಂಗಸರ ಅಳು ಒಮ್ಮೆಲೇ ಎದ್ದಿತು. ಇವರ ಕಡೆ ಪರೆ ಬಡಿಯುವುದು ಹೆಣ ಎತ್ತುವಾಗ. ಪ್ರೇಮ್ ಕೂತಲ್ಲೇ ಕೂತ. ಮಹೇಶ ಮಾತ್ರ ಹೆಡ್‌ಫೋನ್ ಕಳಚಿ ನಿಧಾನವಾಗಿ ಮೇಜಿನ ಮೇಲಿಟ್ಟ. ಕಾರ್ತಿ ತಲೆ ಓರೆ ಮಾಡಿ ಕೇಳುತ್ತಿದ್ದ, ಕಣ್ಣು ಹೊಳೆಯುತ್ತಿತ್ತು. "ಕೇಳು ಕೇಳು! ಕೊನೆಗೆ ಎಷ್ಟು ಸರಿಯಾಗಿ ಬಂದು ಕೂತಿತು ನೋಡು! ಮಹೇಶ, ನಿಲ್ಲಿಸಬೇಡ, ಓಡ್ತಾ ಇರ್ಲಿ. ಈ ಹಾಡಿಗೆ ಬೇಕಾಗಿದ್ದೇ ಈ ಡ್ರಮ್! ಇಂದುಜಾ, ಇದನ್ನ ಹೀಗೇ ಬಿಟ್ಟುಬಿಡೋಣ, ಏನಂತೀಯ?"

ಪ್ರೇಮ್ ಎದ್ದು ನಿಂತ. ಮೂವತ್ತು ವರ್ಷದ ಸಿಟ್ಟಿಗೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. ಕಾಲಿಗೆ ಸಿಕ್ಕ ಮೈಕಿನ ಕೋಲನ್ನು ಒದ್ದ. ಅದು ಗೋಡೆಗೆ ಬಡಿದು ಬಿತ್ತು. "ಡ್ರಮ್ ಬೇಕಾಗಿತ್ತಾ ನಿನಗೆ? ಈಗ ಬೇಕಾಯ್ತಾ? ಅದು ನನ್ನ ಅತ್ತೆಯ ಹೆಣ ಎತ್ತೋ ಡ್ರಮ್ ಕಣೋ. ನನ್ನ ಸ್ವಂತ ಅತ್ತೆ. ಬೆಳಿಗ್ಗೆಯಿಂದ ಅಲ್ಲಿ ನನಗೆ ಕಾಯ್ತಾ ಮಲಗಿದ್ದಳು. ಆ ಸೀರೆ ಹೊದಿಸದೆ ಎತ್ತಬಾರದು. ನಾನು ಇಲ್ಲಿ ನಿನ್ನ ಹಾಡಿಗೆ ಪೆಟ್ಟಿಗೆ ತಟ್ತಾ ಕೂತಿದ್ದೆ, ಥೂ!" ತಮಿಳಿನಲ್ಲಿ ಶುರುವಾದದ್ದು ಕೊನೆಗೆ ಮನೆಯ ಮಾತಿನಲ್ಲಿ ಮುಗಿದಿತ್ತು. ಕಾರ್ತಿಗೆ ಅರ್ಧ ತಿಳಿಯಿತು, ಆ ಅರ್ಧವೇ ಸಾಕಾಯಿತು. ಅವನ ಮುಖ ಬಿಳಿಚಿತು. ಎದ್ದು ಬಂದ, ಭುಜದ ಮೇಲೆ ಕೈ ಹಾಕಿದ. "ಅಯ್ಯೋ ಪ್ರೇಮ್, ಹೇಳಬಾರದಿತ್ತೇನೋ? ಬೆಳಿಗ್ಗೆಯೇ ನಿನ್ನನ್ನ ಕಳಿಸ್ತಿದ್ದೆವಲ್ಲೋ. ಇಲ್ಲಿ ನಾವು ನೋಡ್ಕೋತಿದ್ದೆವು." ಅವನು ಎಣಿಸಿದ್ದ ಅದೇ ಮಾತು. ತಾನು ಎಣಿಸಿದ್ದೇ ಸರಿಯಾಯಿತೆಂಬುದರಿಂದ ಏನೂ ಸಿಕ್ಕಲಿಲ್ಲ. ಇಂದುಜಾ ಬಾಯಿಗೆ ಕೈ ಇಟ್ಟುಕೊಂಡಿದ್ದಳು. ಪ್ರೇಮ್ ಆ ಕೈಯನ್ನು ಭುಜದಿಂದ ಕೊಡವಿ, ತಟ್ಟೆ ಎತ್ತಿಕೊಂಡು ಹೊರಗೆ ಓಡಿದ.

ಓಡುವಾಗ ಹೂವು ಚೆಲ್ಲಿದವು, ಅರಿಸಿನ ಅಂಗಿಯ ಮೇಲೆ ಚೆಲ್ಲಿತು. ಮೋರಿಯ ಹತ್ತಿರ ಅಮ್ಮ ಇರಲಿಲ್ಲ. ಆಚೆ ದಂಡೆಯಲ್ಲಿ ಪರೆಯ ಸದ್ದು ಸುಡುಗಾಡಿನ ದಾರಿ ಹಿಡಿದು ದೂರವಾಗುತ್ತಿತ್ತು, ಗಂಡಸರ ತಲೆಗಳು ತೆಂಗಿನ ಸಾಲಿನ ಸಂದಿಯಲ್ಲಿ ಕಂಡು ಮರೆಯಾಗುತ್ತಿದ್ದವು. ಹೆಂಗಸರು ಊರ ಗಡಿಯವರೆಗೆ ಹೋಗಿ ಹಿಂದಿರುಗುತ್ತಿದ್ದರು. ಅವರಲ್ಲಿ ಕಮಲಾತಾಳ್ ಕೊನೆಯವಳು. ಇವನನ್ನು ಕಂಡು ಉಳಿದವರು ದಾರಿಯ ಅಂಚಿಗೆ ಸರಿದು ಹೋದರು. ಒಬ್ಬಳೂ ಇವನ ಕೈ ಹಿಡಿಯಲಿಲ್ಲ. ಅಮ್ಮ ನಿಂತಳು. ಇವನು ತಟ್ಟೆಯನ್ನು ಮುಂದೆ ಚಾಚಿದ, ಚಾಚಿ ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡ. "ಅಮ್ಮಾ, ಒಂದು..." ಅಂದ.

"ಮೋರಿ ಕಿಟ್ಟೆ ಶಾನೆ ಹೊತ್ತು ನಿಂತಿದ್ದೆ" ಅಂದಳು ಅಮ್ಮ. ದನಿಯಲ್ಲಿ ಅಳು ಇರಲಿಲ್ಲ. "ರಾಹುಕಾಲ ಬಂದ್ಬಿಡ್ತು. ಪೊಟ್ಟೀಲಿ ನನ್ ಕೋಡಿಗಂತ ಒಂದ್ ಸೀಲೆ ಎತ್ ವಚ್ಚಿದ್ದೆ, ಹೋಗಿ ಅದ್ನೇ ತಂದೆ. ಮುಂಡೆ ಕೈಲಿ ಕೋಡಿ ಹಾಕ್ಬಾರ್ದು ಅಂದ್ರು. ನಾನೇ ಹಾಕ್ದೆ. ಅವ್ಳ್ನ ಬರಿ ಮೈಲಿ ಕಳ್ಸೋಕಾಯ್ತದಾ?"

ತಟ್ಟೆಯಲ್ಲಿದ್ದ ಹಸಿರು ಸೀರೆಯ ಮೇಲೆ ಚೆಲ್ಲಿದ್ದ ಅರಿಸಿನವನ್ನು ಅವಳು ಬೆರಳಿನಿಂದ ಕೊಡವಿದಳು. ಮಡಿಕೆ ಸರಿಮಾಡಿ ಅವನ ಕಡೆಗೇ ತಳ್ಳಿದಳು.

"ಇದ್ ನೀನೇ ವಚ್ಕೋ ಸಾಮಿ. ನಾನ್ ಪೊರಂದ ಮನೇಲಿ ಈಗ ಯಾರೂ ಇಲ್ಲ. ನನ್ ದಿನ ಬಂದಾಗ ನೀನೇ ತಂದ್ ಹಾಕು. ಬಿರ್ನೆ ಬರ್ಬೇಕಂತಿಲ್ಲ. ನಿನ್ ಪಾಟು ಮುಗಿಸ್ಕೊಂಡೇ ಬಾ."